ಒಬ್ರಾ ದಿನ್ ಕಪ್ಪಲ್ ಮತ್ತು ನಮ್ಮ ದೊಡ್ಡ ಮಾಮ

ಈ ಬರಹ ಒಂದು ವಿಡಿಯೋ ಗೇಮಿನ ಬಗ್ಗೆ. ಹಾಗೆಂದ ಕೂಡಲೇ ನಮ್ಮ ಕಡೆಯ ಹಿರಿಯರು ಮೊಬೈಲ್ ಮುಚ್ಚಿಡುತ್ತಾರೆ ಎಂದು ಗೊತ್ತುಂಟು. ಸ್ವಲ್ಪ ತಾಳ್ಮೆ ಇರಲಿ. ಇದರಲ್ಲಿ ಒಂದು ಕಪ್ಪಲ್ ಉಂಟು, ಒಂದು ಜಾಗದ ಪಾಲಿನ ವಿಷಯ ಉಂಟು, ನಾನು ಮಾಡಿದ ಒಂದು ತಪ್ಪೂ ಉಂಟು. ಆ ಗೇಮನ್ನು ಆಡಬೇಕೆಂದು ಆಸೆ ಇರುವ ಮಕ್ಕಳು ಮಾತ್ರ ಮೊದಲು ಆಡಿ ಮುಗಿಸಿ ಆಮೇಲೆ ಓದಿ. ಕಥೆಯ ಗುಟ್ಟನ್ನೆಲ್ಲ ನಾನು ಇಲ್ಲಿ ಹೇಳಿಬಿಡುತ್ತೇನೆ.

ಕೊರೊನಾ ಬಂದ ವರ್ಷ ನನ್ನ ತಂಗಿಯ ಮಗ ಕಾಲೇಜು ಮುಚ್ಚಿದ ಕಾರಣ ನಮ್ಮ ಮನೆಯಲ್ಲೇ ಬಂದು ಉಳಿದಿದ್ದ. ಹಗಲು ಆನ್‌ಲೈನ್ ಕ್ಲಾಸ್, ರಾತ್ರಿ ಇಶಾ ಕಳೆದ ಮೇಲೆ ಲ್ಯಾಪ್‌ಟಾಪಿನಲ್ಲಿ ಗೇಮ್. ಗುಂಡು ಹಾರಿಸುವುದು, ಕಾರು ಓಡಿಸುವುದು ಇರಬಹುದು ಎಂದು ನಾನು ಅತ್ತ ನೋಡುತ್ತಲೇ ಇರಲಿಲ್ಲ. ಒಂದು ರಾತ್ರಿ ಅವನೇ ಕರೆದ. "ಮಾಮ, ಇದರಲ್ಲಿ ನಮ್ಮವರು ನಾಲ್ಕು ಜನ ಇದ್ದಾರೆ, ಬಂದು ನೋಡಿ."

ಪರದೆಯಲ್ಲಿ ಬಣ್ಣವೇ ಇಲ್ಲ. ಹಳೆಯ ಕಂಪ್ಯೂಟರಿನ ಹಾಗೆ ಬರೀ ಕಪ್ಪು-ಬಿಳಿ ಚುಕ್ಕಿಗಳು. ಒಂದು ಹಾಯಿಹಡಗಿನಲ್ಲಿರುವವರ ಹೆಸರಿನ ಪಟ್ಟಿ. ಅದರಲ್ಲಿ ಅವನು ಬೆರಳಿಟ್ಟು ತೋರಿಸಿದ: ಸೊಲೊಮನ್ ಸೈಯದ್, ರೆನ್‌ಫ್ರೆಡ್ ರಜಬ್, ವಿಲಿಯಂ ವಸೀಂ, ಅಬ್ರಹಾಂ ಅಕ್ಬರ್. ನಾಲ್ವರಿಗೂ ಕೆಲಸ ಖಲಾಸಿ, ಊರು ಇಂಡಿಯಾ.

ನನಗೆ ನಗು ಬಂತು. ರೆನ್‌ಫ್ರೆಡ್ ರಜಬ್ ಎಂದರೆ ಎಂತ ಹೆಸರು ಮಾರಾಯ! ಆಮೇಲೆ ನಗು ನಿಂತಿತು. ನಮ್ಮ ದೊಡ್ಡ ಮಾಮನೂ ಕಪ್ಪಲಿಗೆ ಹೋದವರೇ.

ಗೇಮಿನ ಹೆಸರು 'ರಿಟರ್ನ್ ಆಫ್ ದಿ ಒಬ್ರಾ ದಿನ್'. 2018ರಲ್ಲಿ ಬಂದದ್ದು. ಮಾಡಿದವರು ಲೂಕಸ್ ಪೋಪ್. ಕಥೆ ಹೀಗೆ: 1802ರಲ್ಲಿ ಒಬ್ರಾ ದಿನ್ ಎಂಬ ವ್ಯಾಪಾರದ ಹಡಗು ಲಂಡನ್ನಿನಿಂದ ಪೂರ್ವದ ಕಡೆಗೆ ಹೊರಡುತ್ತದೆ. ಗುಡ್ ಹೋಪ್ ಭೂಶಿರಕ್ಕೆ ಮುಟ್ಟುವುದೇ ಇಲ್ಲ. ಕಾಣೆಯಾಗಿದೆ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. 1807ರ ಅಕ್ಟೋಬರದಲ್ಲಿ ಅದೇ ಹಡಗು ಹಾಯಿ ಹರಿದುಕೊಂಡು, ಒಬ್ಬ ಮನುಷ್ಯನೂ ಇಲ್ಲದೆ, ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯ ವಿಮೆ ಲೆಕ್ಕದ ಅಧಿಕಾರಿ ಹಡಗು ಹತ್ತುತ್ತಾನೆ. ಆ ಅಧಿಕಾರಿ ನಾವು.

ಕೈಯಲ್ಲಿ ಒಂದು ಪುಸ್ತಕ, ಒಂದು ಗಡಿಯಾರ. ಎಲುಬಿನ ಗೂಡಿನ ಮುಂದೆ ಗಡಿಯಾರ ತೆರೆದರೆ ಆ ಮನುಷ್ಯನ ಕೊನೆಯ ಕ್ಷಣದ ಮಾತು, ಕೂಗು, ಸದ್ದು ಕತ್ತಲೆಯಲ್ಲಿ ಕೇಳುತ್ತದೆ. ಮತ್ತೆ ಅವನು ಸತ್ತ ಆ ಒಂದು ಗಳಿಗೆ ಫೋಟೋದ ಹಾಗೆ ನಿಂತುಬಿಡುತ್ತದೆ. ಅದರೊಳಗೆ ನಾವು ನಡೆದಾಡಬಹುದು. ಯಾರ ಮುಖ ಯಾವ ಕಡೆಗೆ, ಯಾರ ಕೈಯಲ್ಲಿ ಎಂತ ಉಂಟು, ಮೂಲೆಯಲ್ಲಿ ನಿಂತವ ಯಾರು ಎಂದೆಲ್ಲ ನೋಡಬಹುದು. ಹಡಗಿನಲ್ಲಿ ಇದ್ದದ್ದು ಒಟ್ಟು 60 ಜನ. ಒಬ್ಬೊಬ್ಬರ ಮುಖಕ್ಕೂ ಹೆಸರು ಹಚ್ಚಿ, ಏನಾಯಿತು, ಯಾರಿಂದ ಆಯಿತು ಎಂದು ಪುಸ್ತಕದಲ್ಲಿ ಬರೆಯಬೇಕು. ಅಷ್ಟೇ ಆಟ.

ಹೆಸರನ್ನು ಯಾರೂ ಹೇಳುವುದಿಲ್ಲ, ಕಷ್ಟ ಇರುವುದು ಅಲ್ಲಿ. ಚೀನಾದ ನಾಲ್ವರು ಖಲಾಸಿಗಳು ತೂಗುಹಾಸಿಗೆಯಲ್ಲಿ ಮಲಗಿರುವಾಗ ಮುಖ ಕಾಣುವುದಿಲ್ಲ. ಹಾಸಿಗೆಗೆ ಕಟ್ಟಿದ ಸಂಖ್ಯೆಯನ್ನೂ ಹೊರಗೆ ಕಾಣುವ ಕಾಲಿನ ಜೋಡನ್ನೂ ನೋಡಿ, ಅದೇ ಜೋಡು ಬೇರೆ ದೃಶ್ಯದಲ್ಲಿ ಯಾರ ಕಾಲಲ್ಲಿ ಉಂಟು ಎಂದು ಹುಡುಕಬೇಕು. ಒಬ್ಬನ ಮಾತಿನ ಧಾಟಿ, ಇನ್ನೊಬ್ಬನ ಉಂಗುರ, ಯಾರು ಯಾರೊಟ್ಟಿಗೆ ಕೂತು ಉಣ್ಣುತ್ತಾರೆ, ಹೀಗೆ. ನಮ್ಮ ಊರಿನ ನೇರ್ಚೆಯ ದಿನ ದೂರದಿಂದ ಬಂದ ಹುಡುಗನನ್ನು ನೋಡಿ ಅಜ್ಜಿಯಂದಿರು "ಇವ ಇಂಥವನ ಮಗ, ನಡೆಯುವುದು ನೋಡು" ಎನ್ನುತ್ತಾರಲ್ಲ, ಅದೇ ವಿದ್ಯೆ.

ಮೂರು ಜನರ ಗತಿ ಸರಿಯಾಗಿ ಬರೆದಾಗ ಮಾತ್ರ ಪುಸ್ತಕ ಒಪ್ಪುತ್ತದೆ. ಆಗ ನಮ್ಮ ಕೈಬರಹದ ಮೂರು ಸಾಲುಗಳು ಅಚ್ಚಿನ ಅಕ್ಷರವಾಗಿ ಬದಲಾಗುತ್ತವೆ. ಮತ್ತೆ ಅದನ್ನು ತಿದ್ದುವ ಹಾಗಿಲ್ಲ. ಒಂದು ತಪ್ಪಿದ್ದರೂ ಪುಸ್ತಕ ಸುಮ್ಮನಿರುತ್ತದೆ, ಯಾವುದು ತಪ್ಪು ಎಂದು ಹೇಳುವುದಿಲ್ಲ.

ಆ ಅಚ್ಚಿನ ಅಕ್ಷರ ನನಗೆ ತುಂಬಾ ಇಷ್ಟವಾಯಿತು. ನಾನು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಕೆಲಸ ಮಾಡಿದವ. ಕಾಗದ ನೋಡಿ ಸತ್ಯ ಹೇಳಬಲ್ಲೆ ಎಂಬ ಒಂದು ಅಹಂಕಾರ ನನ್ನಲ್ಲಿ ಮೊದಲಿನಿಂದಲೂ ಇತ್ತು.

ಈಗ ದೊಡ್ಡ ಮಾಮನ ವಿಷಯ.

ಅವರು ಉಮ್ಮನ ಅಣ್ಣ. ಅರುವತ್ತರ ದಶಕದಲ್ಲಿ ನಮ್ಮ ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ಹುಡುಗರು ಬೊಂಬಾಯಿಗೆ ಹೋಗುತ್ತಿದ್ದ ಹಾಗೆ ಅವರೂ ಹೋದರು. ಮೊದಲು ಹೋಟೆಲಿನಲ್ಲಿ, ಆಮೇಲೆ ಗೋದಿಯಲ್ಲಿ, ಆಮೇಲೆ ಯಾರದೋ ಕೈಕಾಲು ಹಿಡಿದು ಕಪ್ಪಲಿಗೆ. ಊರಿಗೆ ಬಂದು ಮದುವೆಯಾದರು, 1970ರಲ್ಲಿ ಒಂದು ಹೆಣ್ಣು ಮಗು ಆಯಿತು. 1973ರಲ್ಲಿ ಕೊನೆಯ ಕಾರ್ಡು ಬಂತು. ಕನ್ನಡ ಅಕ್ಷರದಲ್ಲಿ ಬ್ಯಾರಿ ಮಾತು, ಆರು ಸಾಲು. ಮಗು ನಡೆಯುತ್ತದೆಯೋ ಎಂದು ಕೇಳಿದ್ದರು. ಅದರ ಮೇಲೆ ಹಣವೂ ಇಲ್ಲ, ಕಾಗದವೂ ಇಲ್ಲ, ಸುದ್ದಿಯೂ ಇಲ್ಲ.

ಮಾಮಿ ಮತ್ತೆ ಮದುವೆಯಾಗಲಿಲ್ಲ. ಆಗಬಹುದಿತ್ತು. ಗಂಡ ಎಲ್ಲಿದ್ದಾನೆ ಎಂದು ನಾಲ್ಕು ವರ್ಷ ಗೊತ್ತಾಗದಿದ್ದರೆ ನಿಕಾಹ್ ಬಿಡಿಸಿಕೊಳ್ಳಲು ಮುಸ್ಲಿಂ ಹೆಂಗಸಿಗೆ 1939ರ ಕಾನೂನು ಅವಕಾಶ ಕೊಟ್ಟಿದೆ. ಆದರೆ ನಾವು ಶಾಫಿಈಗಳು. ನಮ್ಮ ಮದ್‌ಹಬಿನ ಬಲವಾದ ಅಭಿಪ್ರಾಯದಂತೆ ಸಾವೋ ತಲಾಖೋ ಖಚಿತವಾಗುವವರೆಗೆ ಕಾಯಬೇಕು. ಮಾಮಿ ಕಾದದ್ದು ಮಸ್‌ಅಲ ನೋಡಿಯೋ ಮನಸ್ಸು ನೋಡಿಯೋ ನನಗೆ ಗೊತ್ತಿಲ್ಲ. ಬೀಡಿ ಕಟ್ಟಿ ಮಗಳನ್ನು ಸಾಕಿದರು. 2004ರಲ್ಲಿ ತೀರಿಹೋದರು. ದೊಡ್ಡ ಮಾಮನ ಹೆಸರಿನಲ್ಲಿ ಒಂದು ಗಾಯಿಬ್ ಮಯ್ಯಿತ್ ನಮಾಝ್ ಆದರೂ ಮಾಡೋಣ ಎಂದು ಯಾರೋ ಹೇಳಿದಾಗ ಮಾಮಿ ಬಿಡಲಿಲ್ಲ ಎಂದು ಉಮ್ಮ ಹೇಳುತ್ತಿದ್ದರು.

ಉಮ್ಮಾಮ, ಅಂದರೆ ದೊಡ್ಡ ಮಾಮನ ತಾಯಿ, ತೀರಿದ್ದು 1988ರಲ್ಲಿ. ಅವರ ಹೆಸರಲ್ಲಿ 120 ಸೆಂಟ್ ಜಾಗ ಇತ್ತು. ಮಕ್ಕಳು ಮೂವರು: ದೊಡ್ಡ ಮಾಮ, ಚಿಕ್ಕ ಮಾಮ, ನನ್ನ ಉಮ್ಮ. ಎಲ್ಲರ ಮನೆಯಲ್ಲೂ ಆಗುವ ಹಾಗೆ ಪಾಲು ಮುಂದೆ ಹೋಗುತ್ತಾ ಹೋಗಿ 2016ಕ್ಕೆ ಬಂದು ನಿಂತಿತು. ಹೈವೇ ಅಗಲವಾಗುತ್ತದೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಅವಸರ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ತಾಯಿ ಸಾಯುವಾಗ ದೊಡ್ಡ ಮಾಮ ಬದುಕಿದ್ದರೆ, ಗಂಡಿಗೆ ಎರಡು ಹೆಣ್ಣಿಗೆ ಒಂದು ಎಂಬ ಲೆಕ್ಕದಲ್ಲಿ ಮಾಮಂದಿರಿಗೆ 48 ಸೆಂಟ್ ಒಬ್ಬೊಬ್ಬರಿಗೆ, ಉಮ್ಮನಿಗೆ 24. ದೊಡ್ಡ ಮಾಮನ 48ರಲ್ಲಿ ಅರ್ಧ, 24 ಸೆಂಟ್, ಅವರ ಒಬ್ಬಳೇ ಮಗಳದ್ದು. ಆದರೆ ತಾಯಿಗಿಂತ ಮೊದಲೇ ಅವರು ಸತ್ತಿದ್ದರೆ? ನಮ್ಮ ಹಕ್ಕಿನ ಕಾನೂನಿನಲ್ಲಿ ಸತ್ತ ಮಗನ ಜಾಗದಲ್ಲಿ ಮೊಮ್ಮಗಳು ನಿಲ್ಲುವುದಿಲ್ಲ, ಬೇರೆ ಗಂಡುಮಕ್ಕಳಿರುವಾಗ. ಆಗ ಚಿಕ್ಕ ಮಾಮನಿಗೆ 80, ಉಮ್ಮನಿಗೆ 40. ಮಗಳಿಗೆ ಸೊನ್ನೆ.

ಅಂದರೆ ದೊಡ್ಡ ಮಾಮ ಸತ್ತದ್ದು ಯಾವಾಗ ಎಂಬುದರ ಮೇಲೆ ಎಲ್ಲ ನಿಂತಿತ್ತು. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಎಣಿಸಬಹುದು ಎಂದು ಸಾಕ್ಷ್ಯ ಕಾನೂನು ಹೇಳುತ್ತದೆ, ಆದರೆ ಯಾವ ದಿನ ಸತ್ತ ಎಂದು ಅದು ಎಣಿಸಿಕೊಡುವುದಿಲ್ಲ. ದಿನ ಹೇಳುವವನೇ ಅದನ್ನು ತೋರಿಸಬೇಕು. ನಮ್ಮ ಉಸ್ತಾದರಲ್ಲಿ ಕೇಳಿದಾಗ ಅವರೂ ಹೇಳಿದ್ದರು: ಕಾಣೆಯಾದವನ ಪಾಲನ್ನು ತೆಗೆದಿರಿಸಬೇಕು, ವಿಷಯ ಸ್ಪಷ್ಟವಾಗುವವರೆಗೆ ಮುಟ್ಟಬಾರದು. ಹೇಳಿ ಕೊನೆಗೆ, ಅವರ ಪದ್ಧತಿಯಂತೆ, ಅಲ್ಲಾಹು ಅಅಲಮ್ ಎಂದರು. ಚೆನ್ನಾಗಿ ಬಲ್ಲವನು ಅಲ್ಲಾಹು. ನಾನು ಅದನ್ನು ಮಾತು ಮುಗಿಸುವ ಒಂದು ಕ್ರಮ ಎಂದು ತಿಳಿದೆ.

ದಿನ ತೋರಿಸಿದವ ನಾನು.

ಅಟ್ಟದಲ್ಲಿ ದೊಡ್ಡ ಮಾಮನ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಎರಡು ಅಂಗಿ, ಒಂದು ಕ್ಷೌರದ ಡಬ್ಬಿ, ಕೆಲವು ಕಾಗದ, ಮತ್ತು ಒಂದು ಕನ್ನಡ ಪತ್ರಿಕೆಯ ತುಂಡು. ಅರಬ್ಬೀ ಸಮುದ್ರದಲ್ಲಿ ಒಂದು ಸರಕಿನ ಕಪ್ಪಲ್ ಮುಳುಗಿದ ಸುದ್ದಿ. ತಾರೀಕು ಇರಲಿಲ್ಲ. ಕಪ್ಪಲಿನ ಹೆಸರು ಇದ್ದ ಮೂಲೆ ಹುಳ ತಿಂದುಹೋಗಿತ್ತು. ಮಳೆಗಾಲ ಎಂದಿತ್ತು, ಸಿಬ್ಬಂದಿ ಕಾಣೆ ಎಂದಿತ್ತು. ನಾನು ಕೊನೆಯ ಕಾರ್ಡನ್ನು ಈ ತುಂಡಿನ ಪಕ್ಕ ಇಟ್ಟೆ. ಕಾರ್ಡು 1973ರ ಬೇಸಗೆಯದು. ಕಪ್ಪಲ್ ಮುಳುಗಿದ್ದು ಮಳೆಗಾಲದಲ್ಲಿ. ಮಳೆಯ ನಂತರ ಕಾಗದ ಇಲ್ಲ. ಮೂರು ಸರಿಯಾಗಿ ಹೊಂದಿತು.

ಕುಟುಂಬದವರು ಸೇರಿದ ದಿನ ನಾನೇ ಎದ್ದು ಹೇಳಿದೆ. ಗುಮಾಸ್ತನ ಗಂಟಲಿನಲ್ಲಿ, ಒಂದರ ಮೇಲೆ ಒಂದು ಜೋಡಿಸಿ ಹೇಳಿದೆ. ಯಾರೂ ಎದುರು ಮಾತಾಡಲಿಲ್ಲ. ಎಲ್ಲರಿಗೂ ಬೇಕಾದದ್ದನ್ನು ನಾನು ಹೇಳಿದ್ದೆ. ಆಧಾರದಲ್ಲಿ ದೊಡ್ಡ ಮಾಮ 1973ರಲ್ಲಿ ತೀರಿಹೋದರೆಂದು ಬರೆಸಿದೆವು. ಮಗಳಿಗೆ ಪಾಪ ಎಂದು 5 ಸೆಂಟ್ ಕೊಟ್ಟೆವು. ಹಾಗೆ ಕೊಡಿಸಿದ್ದೂ ನಾನೇ, ಆ ದಿನ ಅದು ನನಗೆ ದೊಡ್ಡ ಉಪಕಾರ ಮಾಡಿದ ಹಾಗೆ ಕಂಡಿತ್ತು. ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಆ ಪೇಪರ್ ತುಂಡನ್ನು ಒಮ್ಮೆ ನೋಡುತ್ತೇನೆ ಎಂದಳು. ಕೊಟ್ಟೆ. ನೋಡಿದಳು, ಏನೂ ಹೇಳದೆ ಹಿಂದೆ ಕೊಟ್ಟಳು. ಆ ನಂತರ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು, ಮತ್ತೆ ನಿಂತೇ ಹೋಯಿತು.

ಗೇಮಿಗೆ ಹಿಂದೆ ಬರುತ್ತೇನೆ.

ನಾನೂ ಅಳಿಯನೂ ಸೇರಿ ಹದಿನೈದು ರಾತ್ರಿ ಆಡಿದೆವು. ಅವನು ಮೌಸ್ ಹಿಡಿಯುತ್ತಿದ್ದ, ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿಯುತ್ತಿದ್ದೆ. ನಮ್ಮ ನಾಲ್ವರಲ್ಲಿ ಇಬ್ಬರು, ಸೈಯದ್ ಮತ್ತು ರಜಬ್, 'ಕಡು ಚಳಿ' ಎಂಬ ಎರಡನೇ ಅಧ್ಯಾಯದಲ್ಲೇ ಕಾಯಿಲೆ ಬಿದ್ದು ಸಾಯುತ್ತಾರೆ. ಮುಂದೆ ದೊಡ್ಡ ದೊಡ್ಡ ಘಟನೆಗಳು ಬರುತ್ತವೆ: ಕೊಲೆ, ದಂಗೆ, ಸಮುದ್ರದ ಭೂತಗಳು, ಹಡಗನ್ನೇ ಅಪ್ಪಿಕೊಳ್ಳುವ ರಾಕ್ಷಸ ಪ್ರಾಣಿ. ಇವರದು ಅದೆಲ್ಲ ಇಲ್ಲ, ಚಳಿ ಹಿಡಿದು ಸತ್ತದ್ದು. ಅಂಥ ಕಪ್ಪಲುಗಳಲ್ಲಿ ನಮ್ಮ ಕಡೆಯ ಲಸ್ಕರರಿಗೆ ನಿಜವಾಗಿಯೂ ಹಾಗೇ ಆಗುತ್ತಿತ್ತು ಎಂದು ನಾನು ಅಳಿಯನಿಗೆ ಹೇಳಿದೆ. ಬೊಂಬಾಯಿಯ ಮಸ್ಜಿದ್ ಬಂದರಿನ ಹತ್ತಿರ ನಾವಿಕರ ವಸತಿಗೃಹದಲ್ಲಿ ಒಂದು ಸ್ಮಾರಕ ಉಂಟು. ಮೊದಲ ಮಹಾಯುದ್ಧದಲ್ಲಿ ಸತ್ತು ಸಮುದ್ರವೇ ಖಬರ್ ಆದ 2,000ಕ್ಕೂ ಹೆಚ್ಚು ನಾವಿಕರಿಗಾಗಿ ಕಟ್ಟಿದ್ದು. ಅವರಾದರೂ ಯುದ್ಧದಲ್ಲಿ ಸತ್ತವರು. ಚಳಿಗೆ ಸತ್ತವನಿಗೆ ಸ್ಮಾರಕ ಎಲ್ಲಿಯದು?

ಮೂರನೇ ಅಧ್ಯಾಯದಲ್ಲಿ ಒಂದು ಕೊಲೆ. ಇಟಲಿಯ ಒಬ್ಬ ಪ್ರಯಾಣಿಕನನ್ನು ರಾತ್ರಿ ಯಾರೋ ಚುಚ್ಚಿ ಸಾಯಿಸುತ್ತಾರೆ. ಮುಂದಿನ ದೃಶ್ಯದಲ್ಲಿ ಫಾರ್ಮೋಸಾದ, ಅಂದರೆ ಈಗಿನ ತೈವಾನಿನ, ಹೊಕ್-ಸೆಂಗ್ ಲಾವ್ ಎಂಬ ಕಾವಲುಗಾರನನ್ನು ಕಟ್ಟಿ ನಿಲ್ಲಿಸಿ ಗುಂಡು ಹೊಡೆಯುತ್ತಾರೆ. ಅಪರಾಧಿಗೆ ಶಿಕ್ಷೆಯಾಯಿತು ಎಂದು ನಾನು ಬರೆಯಹೊರಟೆ. ಅಳಿಯ ತಡೆದ. "ಮಾಮ, ಕೊಲೆಯ ಜಾಗಕ್ಕೆ ಹಿಂದೆ ಹೋಗುವ. ಚೂರಿ ಯಾರ ಕೈಯಲ್ಲಿತ್ತು ನೋಡಿಯೇ ಇಲ್ಲ ನಾವು." ಹೋಗಿ ನೋಡಿದರೆ ಕೊಂದವ ಎರಡನೇ ಮೇಟ್ ಎಡ್ವರ್ಡ್ ನಿಕೊಲ್ಸ್. ಅವನೇ ಆಮೇಲೆ ಈ ಬಡಪಾಯಿಯತ್ತ ಬೆರಳು ತೋರಿಸಿದವ. ಹಡಗಿನವರಿಗೆಲ್ಲ ಆ ವಿವರಣೆ ಸಾಕಾಯಿತು.

ಆ ರಾತ್ರಿ ನನಗೆ ಸ್ವಲ್ಪ ಇರುಸುಮುರುಸಾಯಿತು. ಯಾಕೆ ಎಂದು ಆಗ ಸರಿಯಾಗಿ ಗೊತ್ತಾಗಲಿಲ್ಲ.

ಈ ಗೇಮಿನಲ್ಲಿ ಒಂದು ಅಧ್ಯಾಯ ಬಚ್ಚಿಟ್ಟಿದ್ದಾರೆ. 'ಚೌಕಾಸಿ' ಎಂದು ಅದರ ಹೆಸರನ್ನು ಕನ್ನಡ ಮಾಡಬಹುದು. ಹಡಗಿನ ಒಂದು ಉಗ್ರಾಣದ ಬಾಗಿಲು ಕೊನೆಯವರೆಗೆ ತೆರೆಯುವುದೇ ಇಲ್ಲ. ಪುಸ್ತಕದಲ್ಲಿ ಆ ಹಾಳೆಗಳು ಖಾಲಿ. ನಾವು ಹಡಗು ಇಳಿದು, ವಿಮೆಯ ವರದಿ ಬರೆದು, ಯಾರಿಗೆ ಪರಿಹಾರ ಯಾರಿಗೆ ದಂಡ ಎಂದು ತೀರ್ಮಾನವಾಗಿ, ಎಲ್ಲ ಮುಗಿದ ಮೇಲೆ ಒಂದು ಪೊಟ್ಟಣ ಬರುತ್ತದೆ. ಅದರಲ್ಲಿ ಒಂದು ಮಂಗನ ಕೈ. ಹಡಗಿನ ವೈದ್ಯ ಹೆನ್ರಿ ಎವಾನ್ಸ್ ಆ ಕೋಣೆಯೊಳಗೆ ತನ್ನ ಮಂಗವನ್ನು ಬಿಟ್ಟು, ಅಲ್ಲೇ ಕೊಂದು, ಅದರ ಒಂದು ಕೈಯನ್ನು ತೆಗೆದಿಟ್ಟುಕೊಂಡಿದ್ದ. ಸತ್ತ ಜೀವದ ತುಂಡು ಇದ್ದರೆ ಗಡಿಯಾರ ಆ ಜಾಗವನ್ನು ತೋರಿಸುತ್ತದಲ್ಲ, ಅದಕ್ಕಾಗಿ. ವರದಿ ಕಳಿಸಿಯಾದ ಮೇಲೆ ಒಳಗೆ ಆದದ್ದು ಕಾಣುತ್ತದೆ.

ಒಳಗೆ ಆದದ್ದು ಇಷ್ಟು. ರಾಕ್ಷಸ ಪ್ರಾಣಿ ಹಡಗನ್ನು ಮುರಿಯುತ್ತಿರುವಾಗ ಕ್ಯಾಪ್ಟನ್ ಆ ಕೋಣೆಗೆ ನುಗ್ಗಿ, ಸೆರೆಹಿಡಿದಿಟ್ಟ ಮತ್ಸ್ಯಕನ್ಯೆಯರನ್ನು ಒಂದೊಂದಾಗಿ ಕೊಲ್ಲುತ್ತಾನೆ. ಪ್ರಾಣಿ ಹಡಗು ಬಿಟ್ಟು ಹೋಗುತ್ತದೆ. ಸಾಯುತ್ತಿರುವ ಮೂರನೇ ಮೇಟ್ ಮಾರ್ಟಿನ್ ಪೆರಟ್ ಉಳಿದವಳ ಹತ್ತಿರ ಮಾತಾಡುತ್ತಾನೆ: ನಿಮ್ಮನ್ನು ಬಿಡುತ್ತೇವೆ, ನಮ್ಮ ಹಡಗನ್ನು ಮನೆಗೆ ಮುಟ್ಟಿಸು ಎಂಬ ಅರ್ಥದಲ್ಲಿ.

ಈಗ ಪ್ರಶ್ನೆ. ಒಬ್ಬನೂ ಇಲ್ಲದ ಹಡಗು ನಾಲ್ಕು ವರ್ಷದ ನಂತರ ಫಾಲ್ಮತಿಗೆ ಬಂದದ್ದು ಆ ಮಾತಿನಿಂದಲೋ? ಅಳಿಯ ಹೇಳಿದ: ಹೌದು, ಮತ್ತೆ ಇನ್ನೆಂತ, ಅದಕ್ಕೇ ಅಲ್ಲವಾ ಆ ಅಧ್ಯಾಯ. ನಾನು ಹೇಳಿದೆ: ಅವಳು ಒಪ್ಪಿದಳೆಂದು ಎಲ್ಲಿ ಉಂಟು? ಅವಳಿಗೆ ಇವನ ಭಾಷೆ ತಿಳಿಯಿತೆಂದು ಎಲ್ಲಿ ಉಂಟು? ನಾವು ನೋಡಿದ್ದು ಒಬ್ಬ ಸಾಯುವವ ಆಸೆಯಿಂದ ಮಾತಾಡಿದ್ದು, ಮತ್ತು ಒಂದು ಹಡಗು ಬಂದದ್ದು. ನಡುವಿನದನ್ನು ಸೇರಿಸಿದವರು ನಾವು. ಅಳಿಯ ನಕ್ಕ. "ಮಾಮ, ನೀವು ಸಾಕ್ಷಿ ಕೇಳುವ ವಕೀಲರ ಹಾಗೆ ಮಾತಾಡುತ್ತೀರಿ." ನನಗೆ ಅವನ ಓದು ಸರಿಯಿರಬಹುದು ಎಂದೇ ಈಗಲೂ ಅನಿಸುತ್ತದೆ. ಆದರೆ ಪುಸ್ತಕ ಆ ಪ್ರಶ್ನೆಗೆ ಅಚ್ಚು ಹಾಕಿಕೊಡುವುದಿಲ್ಲ. ಯಾರು ಸತ್ತರು, ಹೇಗೆ ಸತ್ತರು, ಅಷ್ಟಕ್ಕೆ ಮಾತ್ರ ಅದರ ಸಹಿ. ಯಾಕೆ ಎಂಬುದು ಆಡಿದವನ ತಲೆಗೆ ಬಿಟ್ಟದ್ದು.

ಅಂದು ರಾತ್ರಿ ಮಲಗಿದವನಿಗೆ ನಿದ್ರೆ ಬರಲಿಲ್ಲ. ಒಂದು ಆಟದ ಹಡಗಿನ ವಿಷಯಕ್ಕೆ ನಾನು ಅಷ್ಟು ಸಾಕ್ಷಿ ಕೇಳಿದೆ. 2016ರಲ್ಲಿ ಜಗಲಿಯಲ್ಲಿ ಎದ್ದು ನಿಂತಾಗ ಎಷ್ಟು ಕೇಳಿದ್ದೆ? ಪೆಟ್ಟಿಗೆಯ ಕಾಗದಗಳನ್ನು ನಾನೇ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಟ್ಟಿದ್ದೆ. ಬೆಳಿಗ್ಗೆ ಸುಬ್‌ಹಿ ಕಳೆದು ಅದನ್ನು ತೆಗೆದೆ. ಅಳಿಯನನ್ನೂ ಎಬ್ಬಿಸಿದೆ. ವಿಷಯ ಹೇಳಿದೆ.

ಅವನು ತುಂಡನ್ನು ಕೈಗೆ ತೆಗೆದುಕೊಂಡು ಮೊದಲು ಕೇಳಿದ್ದು: "ಇದನ್ನು ಕತ್ತರಿಸಿದ್ದು ಯಾರು?"

ನಾನು ಸುಮ್ಮನಾದೆ. ದೊಡ್ಡ ಮಾಮನ ಪೆಟ್ಟಿಗೆಯಲ್ಲಿ ಇತ್ತು, ಆದ್ದರಿಂದ ದೊಡ್ಡ ಮಾಮನಿಗೆ ಸಂಬಂಧಿಸಿದ್ದು ಎಂದು ತಿಳಿದಿದ್ದೆ, ಅಷ್ಟೇ. ಆದರೆ ಪೆಟ್ಟಿಗೆ ಅವರು ಹೋಗುವಾಗ ಬಿಟ್ಟುಹೋದದ್ದು. ಅವರೇ ಮುಳುಗಿದ ಸುದ್ದಿಯನ್ನು ಅವರೇ ಕತ್ತರಿಸಿ ಇಡಲು ಆಗುವುದಿಲ್ಲವಲ್ಲ! ಮನೆಯವರು ಯಾರೋ ಇಟ್ಟದ್ದು. ಉಮ್ಮಾಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಾಮಿಗೆ ಬರುತ್ತಿತ್ತು. ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು.

ಅವನು ತುಂಡನ್ನು ತಿರುಗಿಸಿದ. ಹಿಂದೆ ಅರ್ಧ ತುಂಡಾದ ಒಂದು ಜಾಹೀರಾತು, ಯಾವುದೋ ಸಭೆಯ ಪ್ರಕಟಣೆಯ ಬಾಲ. ಅದರಲ್ಲಿ ಎರಡು ಶಬ್ದ ಪೂರ್ತಿಯಾಗಿ ಓದಲು ಸಿಗುತ್ತಿತ್ತು: ಕಾಸರಗೋಡು ಜಿಲ್ಲಾ.

ನಮ್ಮ ಕಡೆಯ ಓದುಗರಿಗೆ ನಾನು ಮುಂದೆ ಹೇಳಬೇಕೆಂದಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅದು ಕಣ್ಣೂರು ಜಿಲ್ಲೆಯ ಒಂದು ತಾಲೂಕು. ಕಾಸರಗೋಡು ಜಿಲ್ಲೆ ಎಂಬುದು ಹುಟ್ಟಿದ್ದೇ 1984ರ ಮೇ 24ಕ್ಕೆ. ಆ ತುಂಡು 1973ರದ್ದಾಗಿರಲು ಸಾಧ್ಯವೇ ಇಲ್ಲ. ಕೊನೆಯ ಕಾರ್ಡಿನಿಂದ ಹನ್ನೊಂದು ವರ್ಷವಾದರೂ ಈಚೆಯದು.

ಮೂವತ್ತು ವರ್ಷ ಕಾಗದ ನೋಡಿದ ನಾನು ಆ ಕಾಗದವನ್ನು ತಿರುಗಿಸಿಯೇ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಮರೆತದ್ದಲ್ಲ. ಒಂದು ಉತ್ತರ ಸಿಕ್ಕಿತ್ತು, ಆ ಉತ್ತರದಿಂದ ಉಮ್ಮನಿಗೆ 16 ಸೆಂಟ್ ಹೆಚ್ಚು ಬರುತ್ತಿತ್ತು. ತಿರುಗಿಸಬೇಕು ಎಂದು ಕೈಗೆ ಅನಿಸಲಿಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೆ ದೊಡ್ಡ ಮಾಮನ ಮಗಳ ಮನೆಗೆ ಹೋದೆ. ನಾಲ್ಕು ವರ್ಷವಾಗಿತ್ತು ಆ ಮೆಟ್ಟಿಲು ಹತ್ತದೆ. ಚಹಾ ಕೊಟ್ಟಳು. ನಾನು ತುಂಡನ್ನು ಮೇಜಿನ ಮೇಲಿಟ್ಟು, ಹಿಂದಿನ ಬದಿ ತೋರಿಸಿ, ತಪ್ಪಾಯಿತು ಎಂದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿ ಅಂಥದ್ದೇ ತುಂಡುಗಳು, ಹತ್ತೋ ಹನ್ನೆರಡೋ. ಎಲ್ಲ ಕಪ್ಪಲ್ ಮುಳುಗಿದ ಸುದ್ದಿಗಳು. ಕೆಲವು ಹಳದಿಯಾಗಿ ಮುಟ್ಟಿದರೆ ಪುಡಿಯಾಗುವವು, ಕೆಲವು ತೊಂಬತ್ತರ ದಶಕದವು.

"ಉಮ್ಮ ಇಟ್ಟದ್ದು," ಎಂದಳು. "ಪೀಡಿಕೆಯಲ್ಲಿ ಸಾಮಾನು ಕಟ್ಟಿಕೊಡುವ ಪೇಪರಿನಲ್ಲಿ ಕಪ್ಪಲಿನ ಸುದ್ದಿ ಕಂಡರೆ ಬಿಡಿಸಿ ಓದುವುದು. ಸತ್ತವರ ಹೆಸರು ಇದ್ದರೆ ನೋಡುವುದು. ಉಪ್ಪನ ಹೆಸರು ಇಲ್ಲದಿದ್ದರೆ ಕತ್ತರಿಸಿ ಇಡುವುದು."

ಇಲ್ಲದಿದ್ದರೆ ಯಾಕೆ ಇಡುವುದು ಎಂದು ಕೇಳಿದೆ.

"ಇದರಲ್ಲಿ ಇಲ್ಲ ಅಂತ."

ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಡಬ್ಬಿಯ ಮುಚ್ಚಳ ನೋಡುತ್ತಾ ಕೂತೆ. ಮಾಮಿಗೆ ಅದು ಅವರು ಸಾಯದ ಕಪ್ಪಲುಗಳ ಲೆಕ್ಕ. ಅದರಲ್ಲಿ ಒಂದು ತುಂಡು ಹೇಗೋ ಪೆಟ್ಟಿಗೆಯಲ್ಲಿ ಉಳಿದಿತ್ತು. ಅದನ್ನೇ ನಾನು ಎತ್ತಿ ಅವರನ್ನು ಮುಳುಗಿಸಿದ್ದೆ.

ಅಂದು ಜಗಲಿಯಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಅವಳು ಹೇಳಿದಳು: "ನೀವು ಕೇಳಲಿಲ್ಲ. ನೀವು ಹೇಳಲಿಕ್ಕೆ ಬಂದದ್ದು. ಹೇಳಿದಿರಿ. ನನ್ನ ಹತ್ತಿರ ಉಮ್ಮನ ಬಿಸ್ಕತ್ತಿನ ಡಬ್ಬಿ ಮಾತ್ರ ಇದ್ದದ್ದು. ಅದನ್ನು ತಂದು ಅಷ್ಟು ಜನರ ಮುಂದೆ ಬಿಡಿಸಿ, ನೀವೆಲ್ಲ ಅದನ್ನೂ ಓದಿ, ಅದಕ್ಕೂ ಒಂದು ಅರ್ಥ ಹೇಳುವುದು ನನಗೆ ಬೇಡವಾಯಿತು."

ಹಾಗಾದರೆ ದೊಡ್ಡ ಮಾಮನಿಗೆ ಏನಾಯಿತು ಎಂದು ನೀವು ಕೇಳಬಹುದು. 1973ರಲ್ಲೇ ಯಾವುದೋ ಬಂದರಿನಲ್ಲಿ ಜ್ವರ ಬಂದು ತೀರಿರಬಹುದು, ಸೈಯದ್ ಮತ್ತು ರಜಬನ ಹಾಗೆ. ಇನ್ನೆಲ್ಲೋ ಬದುಕಿ ಮುದುಕರಾಗಿರಬಹುದು. ನನ್ನ ಮೊದಲ ತೀರ್ಮಾನವೇ ಆಕಸ್ಮಿಕವಾಗಿ ಸರಿಯಿರಲೂಬಹುದು. ನನ್ನ ಸಾಕ್ಷಿ ಸುಳ್ಳು ಎಂದು ಗೊತ್ತಾಯಿತು, ಅದರಿಂದ ಬೇರೊಂದು ಸತ್ಯ ಹುಟ್ಟಲಿಲ್ಲ. ಒಬ್ರಾ ದಿನ್ನಿನಲ್ಲಿ ಒಬ್ಬನ ಗತಿ ತಿಳಿಯದಿದ್ದರೆ ಹಾಗೆಯೇ ಬಿಟ್ಟು ಹಡಗು ಇಳಿಯಬಹುದು, ಪುಸ್ತಕ ಅವನ ಮುಖದ ಕೆಳಗೆ ತಿಳಿಯದು ಎಂದು ಇಟ್ಟುಕೊಳ್ಳುತ್ತದೆ. ನಮ್ಮ ಉಸ್ತಾದರು ಹೇಳಿದ್ದೂ ಅದನ್ನೇ. ಪಾಲನ್ನು ತೆಗೆದಿರಿಸಿ, ಅಲ್ಲಾಹು ಅಅಲಮ್. ನಾನು ಮಾತಿನ ಕೊನೆ ಎಂದುಕೊಂಡದ್ದು ಅವರ ಫತ್ವಾದ ಅರ್ಧ ಭಾಗವಾಗಿತ್ತು.

ಉಮ್ಮನಿಗೆ ಈಗ ಎಂಬತ್ತು ದಾಟಿದೆ. ಎಲ್ಲ ವಿವರಿಸಿದಾಗ ಅವರು ಹೆಚ್ಚು ಮಾತಾಡಲಿಲ್ಲ, 16 ಸೆಂಟ್ ಹಿಂದೆ ಕೊಡು ಎಂದರು. ಚಿಕ್ಕ ಮಾಮನ ಮಕ್ಕಳು ಒಪ್ಪಲಿಲ್ಲ. ರಿಜಿಸ್ಟರ್ ಆದ ಆಧಾರ, ಎಲ್ಲರೂ ಸಹಿ ಹಾಕಿದ್ದು, ಈಗ ಒಂದು ಪೇಪರ್ ತುಂಡಿನ ಹಿಂಬದಿ ನೋಡಿ ಬದಲಾಯಿಸಲಿಕ್ಕೆ ಆಗುತ್ತದಾ ಎಂದು ಕೇಳಿದರು. ಅದೇ ತುಂಡಿನ ಮುಂಬದಿ ನೋಡಿ ಬರೆಸಿದ್ದಲ್ಲವಾ ಎಂದು ನಾನು ಹೇಳಿದೆ. ಮಾತು ಅಲ್ಲಿಗೆ ನಿಂತಿದೆ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ, ಅವರ ಕೈಗೆ ಆ ಕಾಗದ ಕೊಟ್ಟವ ನಾನೇ.

ನಮ್ಮ 16 ಸೆಂಟಿನ ದಾನಪತ್ರ ಮಾಡಿಸಲು ಕಳೆದ ವರ್ಷ ಹೋದೆವು. ನಮ್ಮಲ್ಲಿ ಆಧಾರ ಬರೆಯುವುದು ಮಲಯಾಳದಲ್ಲಿ. ಬರೆಯುವವರು ಕರಡು ಓದಿ ಹೇಳಿದರು. ಅವಳ ಹೆಸರಿನ ಮುಂದೆ ತಂದೆಯ ಹೆಸರು, ತಂದೆಯ ಹೆಸರಿನ ಹಿಂದೆ 'ಪರೇತನಾಯ' ಎಂಬ ಶಬ್ದ. ದಿವಂಗತ ಎಂದು ಅರ್ಥ.

ಅದು ಬೇಡ ಎಂದಳು.

ಬರೆಯುವವರು ನನ್ನ ಮುಖ ನೋಡಿದರು. ಹುಟ್ಟಿದ ವರ್ಷ ಲೆಕ್ಕ ಹಾಕಿದರೆ ಆ ಮನುಷ್ಯನಿಗೆ ತೊಂಬತ್ತರ ಮೇಲೆ ಪ್ರಾಯ ಆಗುತ್ತದೆ ಎಂದರು. ಇರಲಿ, ತೆಗೆಯಿರಿ ಎಂದೆ ನಾನು. ಅವರು ಪೆನ್ನಿನಿಂದ ಆ ಶಬ್ದದ ಮೇಲೆ ಗೆರೆ ಎಳೆದು, ಕರಡನ್ನು ಟೈಪ್ ಮಾಡುವ ಹುಡುಗಿಗೆ ಕೊಟ್ಟರು.